ಹತ್ತು ದಿನದ ಕೆಮ್ಮು

ಬೀದಿಯವರೆಲ್ಲ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಆದರೆ ಆ ಬೀದಿಯಲ್ಲಿ ಒಬ್ಬರ ನಾಡಿಯನ್ನೂ ಅವರು ಹಿಡಿದು ನೋಡಿದವರಲ್ಲ. ಅವರದು ಸಂಶೋಧನೆ. ಅಂಟುರೋಗ ಒಂದು ಮನೆಯೊಳಗೆ ಯಾರಿಂದ ಯಾರಿಗೆ ದಾಟುತ್ತದೆ ಎಂದು ಇಪ್ಪತ್ತನಾಲ್ಕು ವರ್ಷ, ನಾಲ್ಕು ದೇಶಗಳಲ್ಲಿ, ಕಂಡವರ ಮನೆ ಮೆಟ್ಟಿಲು ಹತ್ತಿ ಇಳಿದು ಕೇಳಿ ಬರೆದುಕೊಂಡವರು. ಒಮ್ಮೆ ಪಕ್ಕದ ಮನೆಯಾಕೆ ನೆಗಡಿಗೆ ಮಾತ್ರೆ ಕೇಳಲು ಬಂದು ಬರಿಗೈಯಲ್ಲಿ ವಾಪಸು ಹೋಗುವಾಗ, "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಈ ಗಿಡ ಹಿತ್ತಲಲ್ಲೂ ಇರಲ್ಲ" ಎಂದಿದ್ದಳು. ಮನೆಯ ಅಜ್ಜಿ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಈ ಸಲ ಅವರು ಎರಡು ವರ್ಷದ ಮೇಲೆ, ಆರು ವಾರದ ರಜೆಗೆ ಬಂದಿದ್ದರು. ಬಂದ ಮೂರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಗಂಡ ಗಣಿತದ ಮೇಷ್ಟ್ರು. ಊಟದಲ್ಲೂ ಅವರಿಗೆ ಕ್ರಮ ತಪ್ಪಬಾರದು, ಸೊಪ್ಪು ಮುಗಿಯದೆ ಬೇಳೆಗೆ ಕೈ ಹಾಕುವವರಲ್ಲ. ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಬೆಳಗಿನ ಪಾಳಿ ಮುಗಿಸಿ ಬಂದು, ಯೂನಿಫಾರಂ ಕೂಡ ಬದಲಿಸದೆ ತಟ್ಟೆ ಎಳೆದುಕೊಂಡಿದ್ದಳು. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಅವರ ಹತ್ತು ತಿಂಗಳ ಕೂಸು, ಮನೆಯವರ ಬಾಯಲ್ಲಿ ಗುಬ್ಬಿ, ಅಜ್ಜಿಯ ತೊಡೆಯ ಮೇಲೆ ಕೂತು ಬೇಳೆ ನೀರಿನಲ್ಲಿ ನುರಿದ ಅನ್ನ ತಿನ್ನುತ್ತಿತ್ತು. ಅಜ್ಜಿ ಎಂದರೆ ಮೇಷ್ಟ್ರ ತಾಯಿ. ಎಂಬತ್ತು ದಾಟಿದ್ದಳು, ಮನೆಯ ಬೀಗದ ಕೈ ಇನ್ನೂ ಅವಳ ಸೊಂಟದಲ್ಲೇ ಇತ್ತು.

"ಇನ್ನೊಂದು ಕಡೆಯಿಂದ ಕರೆದಿದ್ದಾರೆ," ಎಂದರು ಡಾಕ್ಟರಮ್ಮ. "ಎರಡು ವರ್ಷ. ಇದೇ ತಿಂಗಳ ಕೊನೆಗೆ ಉತ್ತರ ಕೊಡಬೇಕು."

ಮೇಷ್ಟ್ರು ಸೊಪ್ಪು ಮುಗಿಸಿ ಬೇಳೆಗೆ ಕೈ ಹಾಕಿದರು.

"ಐದನೇ ದೇಶ," ಎಂದಳು ಮಗಳು. "ಹೋದ ಸಲ ಇದೇ ಕೊನೆ ಅಂದಿದ್ದೆ."

"ಅಂದಿದ್ದೆ."

"ಅದರ ಹಿಂದಿನ ಸಲಾನೂ ಅಂದಿದ್ದೆ."

"ಊಟ ಮಾಡೋವಾಗ ಬೇಡಮ್ಮ," ಎಂದರು ಮೇಷ್ಟ್ರು.

"ಮತ್ತೆ ಯಾವಾಗಪ್ಪ? ಇವಳು ಏರ್‌ಪೋರ್ಟಲ್ಲಿ ಕ್ಯೂ ನಿಂತಾಗ್ಲಾ?"

"ಈ ಮನೆ ನಡೆದಿದ್ದು ಆ ಕೆಲಸದಿಂದಾನೇ," ಎಂದರು ಡಾಕ್ಟರಮ್ಮ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

ಮಗಳು ತಟ್ಟೆ ಸರಿಸಿದಳು. "ಅಮ್ಮ, ನಾನು ಜಗಳ ಮಾಡ್ತಿಲ್ಲ. ಒಂದೇ ಮಾತು. ಅಮ್ಮ ಬರ್ತಾಳೆ, ಅಮ್ಮ ಬರ್ತಾಳೆ ಅಂತ ಹೇಳಿ ಹೇಳಿ ನನ್ನನ್ನ ಬೆಳೆಸಿದ್ರು. ನೀನು ಈ ಸಲ ಹೋದ್ರೆ ಗುಬ್ಬಿಗೆ ನಾನು ಹಾಗೆ ಹೇಳಲ್ಲ. ಫೋಟೋ ತೋರಿಸಿ, ಇವರು ಡಾಕ್ಟ್ರು, ನಮಗೆ ಬೇಕಾದವರು ಅಂತೀನಿ. ಅಷ್ಟೇ."

"ಊರಿಗೆ ಉಪಕಾರಿ..." ಎಂದು ಶುರು ಮಾಡಿದ ಮೇಷ್ಟ್ರು, ಗಾದೆಯ ಉಳಿದರ್ಧವನ್ನು ಅನ್ನದ ಜೊತೆ ನುಂಗಿಕೊಂಡರು. ಅದು ಎಲ್ಲರಿಗೂ ಗೊತ್ತಿದ್ದ ಅರ್ಧವೇ.

ಅಜ್ಜಿ ಏನೋ ಹೇಳಲು ಹೋಗಿ ಕೆಮ್ಮಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಖವನ್ನು ಕೂಸಿನಿಂದ ಆಚೆ ತಿರುಗಿಸಿ ಕೆಮ್ಮಿದಳು.

"ಎಷ್ಟು ದಿನದಿಂದ ಅತ್ತೆ ಈ ಕೆಮ್ಮು?"

"ಹತ್ತು ದಿನ," ಎಂದಳು ಅಜ್ಜಿ.

ಡಾಕ್ಟರಮ್ಮ ತಲೆಯಾಡಿಸಿದರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ, ಅದರೊಳಗಿದ್ದರೆ ಕಾದು ನೋಡುವುದು. ಅದು ಅವರದೇ ನಿಯಮ.

ಅವರ ಹೆಸರು ನಾಲ್ಕು ದೇಶಗಳಲ್ಲಿ ಓಡಾಡಿದ್ದೇ ಒಂದು ಫಾರಂನಿಂದ. ಕ್ಷಯ ಬಂದವರ ಮನೆಗೆ ಹೋಗಿ ತುಂಬಿಸುವ ಮನೆ ಪಟ್ಟಿ ಅದು. ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾರು ಯಾರ ಪಕ್ಕ ಮಲಗುತ್ತಾರೆ, ಮಕ್ಕಳಿಗೆ ಉಣಿಸುವವರು ಯಾರು, ಯಾರಿಗೆ ಎಷ್ಟು ದಿನದಿಂದ ಕೆಮ್ಮು. ಅಚ್ಚು ತಪ್ಪಿದ ಫಾರಂಗಳನ್ನು ಬಿಸಾಡಲು ಮನಸ್ಸಾಗದೆ, ರಜೆಗೆ ಬಂದಾಗಲೆಲ್ಲ ಕಟ್ಟು ಕಟ್ಟು ಮನೆಗೆ ತರುತ್ತಿದ್ದರು. ಹಿಂಬದಿ ಖಾಲಿ ಇರುತ್ತಿತ್ತಲ್ಲ. ಮೇಷ್ಟ್ರು ಅದರ ಮೇಲೆ ಲೆಕ್ಕ ಬಿಡಿಸಿದರು. ಮನೆಯ ಸಾಮಾನಿನ ಚೀಟಿ ಅದರ ಮೇಲೇ. ಮಗಳು ಚಿಕ್ಕವಳಿದ್ದಾಗ ಗೊಂಬೆಗಳನ್ನು ಸಾಲಾಗಿ ಕೂರಿಸಿ, "ಕೆಮ್ಮು ಇದೆಯಾ? ಎಷ್ಟು ದಿನದಿಂದ?" ಎಂದು ತುಂಬಿಸುವ ಆಟ ಆಡುತ್ತಿದ್ದಳು. ಗೊಂಬೆಗಳ ಪರವಾಗಿ ಉತ್ತರ ಹೇಳುತ್ತಿದ್ದವಳು ಅಜ್ಜಿ. ಹೀಗಾಗಿ ಆ ಪ್ರಶ್ನೆಗಳು ಈ ಮನೆಯಲ್ಲಿ ಮಗ್ಗಿಯಷ್ಟೇ ಬಾಯಿಪಾಠವಾಗಿದ್ದವು.

ಎರಡನೇ ವಾರ ಡಾಕ್ಟರಮ್ಮ ಅಡುಗೆಮನೆಗೆ ನುಗ್ಗಿದರು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗುತ್ತಿತ್ತು. ಪಾತ್ರೆಗಳನ್ನು ಅವರು ತೊಳೆದಿಟ್ಟರೆ ಮಗಳು ಬಂದು ಅವುಗಳ ಜಾಗ ಬದಲಿಸುತ್ತಿದ್ದಳು. ಅವರ ತಟ್ಟೆ ಮಾತ್ರ ಇದ್ದಲ್ಲೇ ಇತ್ತು. ಅಂಚಿನಲ್ಲಿ ಒಂದು ಕಡೆ ಜಜ್ಜಿದ ಸ್ಟೀಲಿನ ತಟ್ಟೆ. ಅವರು ಇಲ್ಲದ ಎರಡು ವರ್ಷವೂ ಅಜ್ಜಿ ಅದನ್ನು ವಾರಕ್ಕೊಮ್ಮೆ ಇಳಿಸಿ, ತೊಳೆದು, ಒರೆಸಿ ಇಡುತ್ತಿದ್ದಳಂತೆ.

"ಉಪಯೋಗಿಸದೇ ಇರೋದನ್ನ ಯಾಕೆ ತೊಳೀತೀರಿ ಅತ್ತೆ?"

"ಧೂಳು ಕೂರಲ್ವಾ," ಎಂದು ಅಜ್ಜಿ ಕೆಮ್ಮಿದಳು.

"ಇನ್ನೂ ಹೋಗಿಲ್ವಾ ಇದು? ಎಷ್ಟು ದಿನ ಆಯ್ತು?"

"ಹತ್ತು ದಿನ ಆಗಿರ್ಬೇಕು. ಮೊದಲಿಂದು ಹೋಯ್ತು. ಇದು ಬೇರೆ."

ಡಾಕ್ಟರಮ್ಮ ನಕ್ಕರು. ಆ ನಗು ಆಮೇಲೆ ಬಹಳ ದಿನ ಅವರನ್ನು ಕಾಡಿತು. ಮೊದಲನೇ ಉತ್ತರವನ್ನು ನಂಬಬೇಡಿ, ಕೆಮ್ಮುವವರ ಬಾಯಿ ಕೇಳುವ ಮೊದಲು ಬಟ್ಟೆ ನೋಡಿ, ಮೈ ಇಳಿದು ರವಿಕೆ ಸಡಿಲವಾಗಿದೆಯೇ ನೋಡಿ ಎಂದು ಊರೂರಿನ ನೂರಾರು ಜನರಿಗೆ ಪಾಠ ಹೇಳಿದವರು ಅವರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ. ಅವರ ಮನಸ್ಸೆಲ್ಲ ಹೊಸ ಕೆಲಸಕ್ಕೆ ಬರೆಯಬೇಕಾದ ಉತ್ತರದ ಮೇಲಿತ್ತು. ದಿನಕ್ಕೆರಡು ಸಲ ಕಂಪ್ಯೂಟರ್ ತೆಗೆದು, ಅರ್ಧ ಬರೆದು, ಅಳಿಸಿ ಮುಚ್ಚುತ್ತಿದ್ದರು.

ಅದೇ ವಾರ ಗುಬ್ಬಿಯನ್ನು ಮಧ್ಯಾಹ್ನ ಮಲಗಿಸಲು ಹೋದರು. ಎತ್ತಿಕೊಂಡ ತಕ್ಷಣ ಮಗು ಬೆನ್ನು ಸೆಟೆದು, ಬೀದಿಗೆ ಕೇಳುವಂತೆ ಕಿರುಚಿತು. ಮಗಳು ಓಡಿ ಬಂದು ಕಸಿದುಕೊಂಡು ಅಜ್ಜಿಯ ಮಡಿಲಿಗೆ ಹಾಕಿದಳು. ಎರಡು ನಿಮಿಷದಲ್ಲಿ ಸದ್ದಡಗಿತು.

"ನನ್ನ ಹತ್ರ ಸ್ವಲ್ಪ ಹೊತ್ತು ಬಿಟ್ಟಿದ್ರೆ ಸುಮ್ಮನಾಗ್ತಿತ್ತು," ಎಂದರು ಡಾಕ್ಟರಮ್ಮ.

"ಆಗ್ತಿರ್ಲಿಲ್ಲ. ಅದಕ್ಕೆ ನಿನ್ನ ಗುರುತಿಲ್ಲ." ಮಗಳು ಸಿಟ್ಟಿನಿಂದ ಹೇಳಲಿಲ್ಲ. "ಮೂರು ತಿಂಗಳ ಕೂಸಿಂದ ಅಜ್ಜಿ ಪಕ್ಕಾನೇ ಮಲಗೋದು. ನಾನು ಬೆಳಗ್ಗೆ ನಾಲ್ಕೂವರೆಗೆ ಏಳ್ಬೇಕು, ಯಾರ ಹತ್ರ ಬಿಡ್ಲಿ?"

ಮೂರನೇ ವಾರದ ಶುಕ್ರವಾರ ಮೇಷ್ಟ್ರು ಸಾಮಾನಿನ ಚೀಟಿ ಬರೆಯದೆಯೇ ಶಾಲೆಗೆ ಹೋಗಿದ್ದರು. ನಾನೇ ತರುತ್ತೇನೆ ಎಂದುಕೊಂಡ ಡಾಕ್ಟರಮ್ಮ, ವಾರಕ್ಕೆ ಏನೇನು ಬೇಕಾಗುತ್ತದೋ ತಿಳಿಯಲು ಅಡುಗೆಮನೆಯ ಗೋಡೆಯಲ್ಲಿದ್ದ ಕಂಬಿಯಿಂದ ಹಳೆಯ ಚೀಟಿಗಳನ್ನು ಎಳೆದರು. ಮೇಷ್ಟ್ರು ಒಂದನ್ನೂ ಬಿಸಾಡುವವರಲ್ಲ, ತಾರೀಖು ಹಾಕಿ ಚುಚ್ಚಿಡುವವರು. ಅಕ್ಕಿ, ಬೇಳೆ, ಸೋಪು, ಮೊಟ್ಟೆ, ಕೆಮ್ಮಿನ ಸಿರಪ್ ಒಂದು. ಹಿಂದಿನ ವಾರದ್ದು: ಬೇಳೆ, ಆಲೂಗಡ್ಡೆ, ಕೆಮ್ಮಿನ ಸಿರಪ್ ಒಂದು. ಅದರ ಹಿಂದಿನದು. ಅದರ ಹಿಂದಿನದು. ಅವರು ಚೀಟಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಹರಡಿದರು. ಹನ್ನೊಂದು ವಾರ. ತಿರುವಿದರೆ ಪ್ರತಿಯೊಂದರ ಹಿಂದೆಯೂ ಅವರದೇ ಫಾರಂ.

ಸಂಜೆ ಎಲ್ಲರೂ ಚಹಾಕ್ಕೆ ಕೂತಾಗ ಅವನ್ನು ಮೇಜಿನ ಮೇಲೆ ಇಟ್ಟರು.

"ರೀ, ಹನ್ನೊಂದು ವಾರ ಅಂದ್ರೆ ಎಷ್ಟು ದಿನ?"

ಮೇಷ್ಟ್ರು ಚೀಟಿಗಳನ್ನು ನೋಡಿದರು, ತಾಯಿಯನ್ನು ನೋಡಿದರು. "ಅವಳು ಪ್ರತಿ ಸಲ ಹತ್ತು ದಿನ ಅಂದ್ಲು. ವಯಸ್ಸಾದವರ ಕೆಮ್ಮು ಅಂತ ನಾನೂ..."

"ಗಣಿತ ಹೇಳ್ಕೊಡೋ ಮೇಷ್ಟ್ರು ನೀವು."

"ಡಾಕ್ಟ್ರು ನೀವು," ಎಂದರು ಮೇಷ್ಟ್ರು. ಮದುವೆಯಾದ ಮೇಲೆ ಹೆಂಡತಿಗೆ ಅವರು ನೀವು ಎಂದದ್ದು ಅದೇ ಮೊದಲು.

ಮಗಳು ಲೋಟ ಕೆಳಗಿಟ್ಟು ಎದ್ದು ಹೋಗಿ ಅಜ್ಜಿಯ ಮಡಿಲಿಂದ ಗುಬ್ಬಿಯನ್ನು ಎತ್ತಿಕೊಂಡಳು. ಮಗು ಅತ್ತಿತು. ಅಜ್ಜಿಯ ಕೈಗಳು ಎತ್ತಿದ ಹಾಗೇ ನಿಂತವು.

"ಅಜ್ಜಿ, ನಿಜ ಹೇಳು. ಯಾವಾಗಿಂದ?"

"ಸೆಕೆ ಶುರುವಾದಾಗಿಂದ," ಎಂದಳು ಅಜ್ಜಿ. ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಯಮಾನ ಅವಳದಲ್ಲ. "ಎರಡು ವಾರ ಅಂದ್ರೆ ಕಫ ತೆಗೀತೀರಿ. ಕಫದಲ್ಲಿ ಸಿಕ್ಕಿದ್ರೆ ಬೇರೆ ಕೋಣೆ, ಕೂಸು ದೂರ. ನಿಮ್ಮ ಕಾಗದದ ಕೊನೇ ಸಾಲು ನನಗೆ ಬರಲ್ವಾ? ನಿನ್ನ ಗೊಂಬೆಗಳನ್ನೆಲ್ಲ ಬೇರೆ ಕೋಣೆಗೆ ಹಾಕಿದವಳು ನಾನೇ."

"ನಿನಗೆ ಗೊತ್ತಿದ್ದೂ ಗುಬ್ಬಿನ ಪಕ್ಕದಲ್ಲಿ ಮಲಗಿಸ್ಕೊಂಡ್ಯಾ?"

"ಧೂಳಿನ ಕೆಮ್ಮು ಅಂದ್ಕೊಂಡೆ ಕಣೆ. ಅಂದ್ಕೋಬೇಕು ಅಂತಾನೇ ಅಂದ್ಕೊಂಡೆ." ಅಜ್ಜಿ ಖಾಲಿ ಮಡಿಲಿನ ಸೆರಗು ಸರಿಪಡಿಸಿಕೊಂಡಳು. "ಅದು ಬಿಟ್ರೆ ನನಗೆ ಏನಿದೆ ಈ ಮನೇಲಿ ಕೆಲಸ?"

ಮಗಳು ತಾಯಿಯ ಕಡೆ ತಿರುಗಿದಳು. "ಇಪ್ಪತ್ತನಾಲ್ಕು ವರ್ಷ ಕೆಮ್ಮು ಹುಡುಕ್ಕೊಂಡು ಲೋಕ ಸುತ್ತಿದೆ. ಹತ್ತೊಂಬತ್ತು ದಿನದಿಂದ ಈ ಮನೇಲಿ ಊಟ ಮಾಡ್ತಿದ್ದೀಯ. ನನ್ನ ಮಗೂಗೆ ಏನಾದ್ರೂ ಆದ್ರೆ..." ಮಗುವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಡಾಕ್ಟರಮ್ಮನಿಗೆ ನಾಚಿಕೆಯಾಗಿತ್ತು. ಅಂಥ ನಾಚಿಕೆ ಅವರಿಗೆ ಹಿಂದೆ ಆದದ್ದಿಲ್ಲ.

ಮಾರನೇ ಬೆಳಿಗ್ಗೆ ಅಜ್ಜಿಯನ್ನೂ ಗುಬ್ಬಿಯನ್ನೂ ಕರೆದುಕೊಂಡು ಎಲ್ಲರೂ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ಬೆಂಚಿನ ಮೇಲೆ ಎರಡು ತಾಸು ಕಾದರು. ಎದೆಯ ಎಕ್ಸ್-ರೇ ತೆಗೆಯುವಾಗ ಗುಬ್ಬಿಯನ್ನು ಹಿಡಿದುಕೊಳ್ಳಲು ಒಬ್ಬರು ಬರಬೇಕೆಂದರು. ಡಾಕ್ಟರಮ್ಮ ಎದ್ದರು. ಮಗಳು ಅವರನ್ನು ದಾಟಿಕೊಂಡು ಒಳಗೆ ಹೋದಳು.

ಫಲಿತಾಂಶಕ್ಕೆ ಎರಡು ದಿನ. ಆ ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಅಜ್ಜಿಗೆ ಬೀದಿಬದಿಯ ಕೋಣೆ ಕೊಟ್ಟು ಎರಡೂ ಕಿಟಕಿ ತೆರೆದಿಟ್ಟರು. ಊಟದ ತಟ್ಟೆಯನ್ನು ಮೇಷ್ಟ್ರು ತಾವೇ ಒಯ್ದು ಕೊಟ್ಟು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ತಾಯಿ ಉಣ್ಣುವವರೆಗೂ ಕೂರುತ್ತಿದ್ದರು. ಗುಬ್ಬಿ ಮುಚ್ಚಿದ ಬಾಗಿಲಿನ ತನಕ ಅಂಬೆಗಾಲಿಟ್ಟು ಹೋಗಿ ಕೈಯಿಂದ ಬಡಿಯುತ್ತಿತ್ತು. ಒಳಗಿನಿಂದ ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಟ್ಟರೆ ಮಗು ಅಲ್ಲಿಂದ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಜ್ಜಿಗೆ ಕ್ಷಯವೇ. ಗುಬ್ಬಿಯ ಎದೆ ಶುಭ್ರವಾಗಿತ್ತು. ಆದರೆ ಅಷ್ಟು ದಿನ ಒಂದೇ ದಿಂಬಿನ ಮೇಲೆ ಉಸಿರಾಡಿದ ಕೂಸು. ರೋಗ ಏಳದ ಹಾಗೆ ಆರು ತಿಂಗಳು, ಒಂದು ದಿನವೂ ತಪ್ಪದೆ, ಮಾತ್ರೆ ಅರೆದು ಕುಡಿಸಬೇಕು ಎಂದರು. ಒಂದು ದಿನವೂ ತಪ್ಪದೆ ಎಂಬುದನ್ನು ಅಲ್ಲಿನ ವೈದ್ಯೆ ಮೂರು ಸಲ ಹೇಳಿದಳು.

"ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ," ಎಂದಳು ಮಗಳು, ಮನೆಗೆ ಬಂದು. "ಬೆಳಗ್ಗೆ ನಾನಿರಲ್ಲ."

"ನಾನು ಕುಡಿಸ್ತೀನಿ," ಎಂದರು ಡಾಕ್ಟರಮ್ಮ.

"ಎಷ್ಟು ದಿನ? ಹತ್ತು ದಿನವಾ?"

ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಆರೋಗ್ಯ ಕಾರ್ಯಕರ್ತೆ ಬಂದಳು. ನಡುವಯಸ್ಸಿನ ಹೆಂಗಸು, ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದು, ಚೀಲದಿಂದ ಫಾರಂ ತೆಗೆದಳು. ಅದೇ ಮನೆ ಪಟ್ಟಿ, ಈಗ ಇಲ್ಲಿಗೂ ಬಂದಿತ್ತು. ಅದನ್ನು ನೋಡಿ ಮೇಷ್ಟ್ರು ಕೆಮ್ಮಿಲ್ಲದಿದ್ದರೂ ಕೆಮ್ಮಿದರು.

"ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ," ಎಂದಳು ಅವಳು. "ಇದನ್ನ ಮಾಡಿದ ಪುಣ್ಯಾತ್ಮರು ಯಾರೋ. ಒಂದು ದಿನ ನನ್ನ ಸ್ಕೂಟರಲ್ಲಿ ಹಿಂದೆ ಕೂತು ಬಂದಿದ್ರೆ ಅರ್ಧ ಪುಟಕ್ಕೆ ನಿಲ್ಲಿಸ್ತಿದ್ರು."

"ಅಗೋ, ಅಲ್ಲೇ ಕೂತಿದ್ದಾಳೆ ಪುಣ್ಯಾತ್ಮೆ," ಎಂದಳು ಅಜ್ಜಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ತನ್ನ ಕೋಣೆಯ ಬಾಗಿಲಲ್ಲಿ ಕೂತು.

ಕಾರ್ಯಕರ್ತೆ ನಾಲಿಗೆ ಕಚ್ಚಿಕೊಂಡು ಎದ್ದು ನಿಂತಳು. ಡಾಕ್ಟರಮ್ಮ ಅವಳನ್ನು ಕೂರಿಸಿದರು. "ಕೇಳಿ. ಒಂದನ್ನೂ ಬಿಡಬೇಡಿ. ನಾನೇ ಹೇಳ್ತೀನಿ."

"ಎರಡು ವರ್ಷದಲ್ಲಿ ಮನೇಲಿ ಯಾರಾದ್ರೂ ಆಸ್ಪತ್ರೆ ಸೇರಿದ್ರಾ?"

"ಇಲ್ಲ," ಎಂದರು ಡಾಕ್ಟರಮ್ಮ.

"ಅಪ್ಪ," ಎಂದಳು ಮಗಳು. ಅವಳಿಗೆ ಅವತ್ತು ವಾರದ ರಜೆ. "ಹೋದ ವರ್ಷ. ಒಂಬತ್ತು ದಿನ. ಶ್ವಾಸಕೋಶಕ್ಕೆ ನೀರು ತುಂಬಿತ್ತು."

ಡಾಕ್ಟರಮ್ಮ ಗಂಡನ ಕಡೆ ನೋಡಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಆಗ ನೀನು ಕಾಡಿನೊಳಗೆಲ್ಲೋ ಇದ್ದೆ. ಫೋನ್ ಸಿಗ್ತಿರ್ಲಿಲ್ಲ. ಆಮೇಲೆ ಹುಷಾರಾದೆ, ಹೇಳೋದೇನಿದೆ ಅಂತ ಬಿಟ್ಟೆ."

"ಮಗೂಗೆ ಬೆಳಗ್ಗೆ ಮೊದಲು ಉಣಿಸೋರು?"

ಡಾಕ್ಟರಮ್ಮ "ಅವಳನ್ನೇ ಕೇಳಿ" ಎಂದು ಮಗಳನ್ನು ತೋರಿಸಿದರು.

ಆಮೇಲೆ ಮನೆಯವರ ಸಾಲುಗಳು. ಅಜ್ಜಿ ಒಂದನೇ ಸಾಲು, ಮೇಷ್ಟ್ರು ಎರಡು, ಮಗಳು ಮೂರು, ಗುಬ್ಬಿ ನಾಲ್ಕು. ಅಳಿಯ ತಿಂಗಳಿಗೆ ನಾಲ್ಕು ರಾತ್ರಿ ಇರುತ್ತಾನೆ ಎಂದಾಗ ಕಾರ್ಯಕರ್ತೆ ಪುಟ ತಿರುವಿ, ಬಂದು ಹೋಗುವವರು ಎಂಬ ಕಾಲಂನಲ್ಲಿ ಅವನನ್ನು ಬರೆದಳು. "ಮೂರು ತಿಂಗಳಲ್ಲಿ ಮೂವತ್ತು ರಾತ್ರಿ ಈ ಮನೇಲಿ ಮಲಗಿದ್ರೆ ಮಾತ್ರ ಮನೆಯವರು, ಇಲ್ಲಾಂದ್ರೆ..." ಎಂದು ಶುರು ಮಾಡಿದವಳು, ಎದುರಿಗೆ ಕೂತವರು ಯಾರೆಂದು ನೆನಪಾಗಿ ನಿಲ್ಲಿಸಿದಳು. "ಮೇಡಂ, ನೀವು ಬಂದು..."

"ಇಪ್ಪತ್ಮೂರು ರಾತ್ರಿ," ಎಂದರು ಡಾಕ್ಟರಮ್ಮ.

ಪೆನ್ನು ಬಂದು ಹೋಗುವವರ ಕಾಲಂ ಮೇಲೇ ನಿಂತಿತು.

"ಬಂದು ಹೋಗೋರಾ?" ಎಂದಳು ಅಜ್ಜಿ. "ಯಾರು, ನನ್ನ ಸೊಸೆಯಾ? ಮನೆಯವರಲ್ಲೇ ಬರಿಯಮ್ಮ."

"ಬರೀಬೇಡಿ," ಎಂದರು ಡಾಕ್ಟರಮ್ಮ. "ರೂಲ್ ಸರಿಯಾಗೇ ಇದೆ."

"ಎಂಥ ರೂಲು? ಅವಳ ತಟ್ಟೆ ಇದೆ ಇಲ್ಲಿ. ಬೇಕಾದ್ರೆ ಒಳಗೆ ಹೋಗಿ ನೋಡ್ಕೊಂಡು ಬಾ."

ಡಾಕ್ಟರಮ್ಮ ಎದ್ದು ಕಿಟಕಿಯ ಹತ್ತಿರ ಹೋದರು. ಈ ಮಾತನ್ನು ಅವರು ಹಿಂದೆ ಕೇಳಿದ್ದರು. ಎರಡನೇ ದೇಶ, ತಗಡಿನ ಮನೆ, ಅವರಿಗಾಗ ಮೂವತ್ತೈದು. ಒಬ್ಬ ತಾಯಿ ಮನೆಯವರು ಏಳು ಜನ ಎಂದು ಬರೆಸಿದ್ದಳು. ಅದರಲ್ಲಿ ನಾಲ್ಕು ಗಂಡುಮಕ್ಕಳು ಗಣಿಗೆ ಹೋಗಿ ವರ್ಷಗಳೇ ಆಗಿದ್ದವು. ಇವರು ಒಂದೊಂದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಆ ತಾಯಿ ಗೋಡೆಯ ಗೂಡಿನಿಂದ ನಾಲ್ಕು ತಟ್ಟೆ ತಂದು ಇವರ ಮುಂದೆ ಇಟ್ಟು, ಅವರ ತಟ್ಟೆ ಇಲ್ಲಿವೆ ಎಂದಿದ್ದಳು. ಆ ರಾತ್ರಿಯೇ ಮೂವತ್ತು ರಾತ್ರಿಯ ನಿಯಮ ಬರೆದದ್ದು. ಕೈಪಿಡಿಯಲ್ಲಿ ಅದರ ಕೆಳಗೆ ಒಂದು ವಾಕ್ಯವನ್ನೂ ಸೇರಿಸಿದ್ದರು: ತಟ್ಟೆ ಉಸಿರಾಡುವುದಿಲ್ಲ. ಆ ವಾಕ್ಯಕ್ಕೆ ಎಲ್ಲ ತರಬೇತಿಗಳಲ್ಲೂ ನಗು ಬರುತ್ತಿತ್ತು. ಇವರೂ ನಗಿಸಿಯೇ ಹೇಳುತ್ತಿದ್ದರು.

"ನಾನು ಹೇಗೂ ಮುಂದಿನ ವಾರ ಇನ್ನಷ್ಟು ಮಾತ್ರೆ ತಗೊಂಡು ಬರ್ತೀನಿ," ಎಂದಳು ಕಾರ್ಯಕರ್ತೆ, ಮೆಲ್ಲಗೆ. "ಇನ್ನು ಏಳು ರಾತ್ರಿ ತಾನೇ? ಮೇಡಂ, ಅಷ್ಟರಲ್ಲಿ ನೀವು ಹೋಗ್ತೀರಾ?"

ಆ ಮನೆಯಲ್ಲಿ ಮೂರು ವಾರದಿಂದ ಯಾರೂ ಹೀಗೆ ನೇರ ಕೇಳಿರಲಿಲ್ಲ. ಉತ್ತರ ಕೊಡಬೇಕಾದ ಗಡುವಿಗೆ ಐದು ದಿನ ಉಳಿದಿತ್ತು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಡಾಕ್ಟರಮ್ಮ ಕಿಟಕಿಯಿಂದ ಈಚೆ ತಿರುಗಲಿಲ್ಲ.

"ಐದನೇ ಸಾಲಲ್ಲಿ ಪೆನ್ಸಿಲಲ್ಲಿ ಬರ್ಕೊಳ್ಳಿ," ಎಂದಳು ಮಗಳು. "ಅಳಿಸೋಕೆ ಸುಲಭ."

ಆ ವಾರ ಡಾಕ್ಟರಮ್ಮ ದಿನಾ ಬೆಳಿಗ್ಗೆ ಎರಡು ಚಮಚಗಳ ನಡುವೆ ಮಾತ್ರೆ ಅರೆದರು. ಮೊದಲ ದಿನ ಗುಬ್ಬಿ ಅಷ್ಟನ್ನೂ ಅವರ ಸೀರೆಯ ಮೇಲೆ ಉಗುಳಿತು. ಎರಡನೇ ದಿನ ಕೆನ್ನೆ ಒಳಗಿಂದ ಕೊಡು ಎಂದು ಅಜ್ಜಿ ಬಾಗಿಲಾಚೆಯಿಂದ ಕೂಗಿ ಹೇಳಿದಳು. ಹಾಗೆ ಕೊಟ್ಟರೆ ಇಳಿಯಿತು. ಮಗಳು ಮೂರು ರಾತ್ರಿ ನಿದ್ದೆಗೆಟ್ಟು, ಕೌಂಟರಿನಲ್ಲಿ ಒಬ್ಬರಿಗೆ ಬೇರೆ ಊರಿನ ಟಿಕೆಟ್ ಕೊಟ್ಟು ಬೈಸಿಕೊಂಡು ಬಂದ ದಿನ, ತಾಯಿಯ ಕೈಗೆ ಕೂಸನ್ನು ಕೊಟ್ಟು ಹೋಗಿ ಮಲಗಿದಳು. ಮಗು ಕಿರುಚಿತು.

"ಬೆನ್ನು ತಟ್ಟಬೇಡ," ಎಂದಳು ಒಳಗಿನಿಂದ ಅಜ್ಜಿ. "ಕಿವಿ ಹಿಂದೆ ಕೆರಿ. ಎಡಗಿವಿ. ಮೆತ್ತಗೆ."

"ಯಾವ ಪುಸ್ತಕದಲ್ಲೂ ಇಲ್ವಲ್ಲ ಅತ್ತೆ ಇದು."

"ಎಲ್ಲಿಂದ ಇರುತ್ತೆ? ನನಗೆ ಬರೆಯೋಕೆ ಬರಲ್ಲ."

ಅರ್ಧ ತಾಸು ಕೆರೆದ ಮೇಲೆ ಗುಬ್ಬಿ ಅವರ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋಯಿತು. ತೋಳು ಜೋಮು ಹಿಡಿದರೂ ಡಾಕ್ಟರಮ್ಮ ಅಲುಗಾಡಲಿಲ್ಲ.

ಗಡುವಿನ ಹಿಂದಿನ ದಿನ ಅವರು ಹಿತ್ತಲಿಗೆ ಹೋಗಿ ಫೋನ್ ಮಾಡಿದರು. ಒಂದು ವರ್ಷ ಮುಂದೂಡಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಆ ಜಾಗ ನಿಮ್ಮ ಕೈಕೆಳಗೆ ಕೆಲಸ ಕಲಿತವಳಿಗೇ ಹೋಗುತ್ತದೆ ಎಂದರು ಅತ್ತಲಿಂದ. ಸರಿ ಎಂದರು. ಒಳಗೆ ಬಂದು ಆಲೂಗಡ್ಡೆ ಹೆಚ್ಚಲು ಕೂತರು. ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಹೆಜ್ಜೆ ಹೆಜ್ಜೆಗೂ ಕಲಿಸಿದವರು ಇವರೇ. ಹೆಚ್ಚಿದ ಹೋಳುಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬಿದ್ದವು.

ಮಗಳಿಗೆ ಮುಖ ನೋಡಿಯೇ ತಿಳಿಯಿತು. "ಬಿಟ್ಯಾ?"

"ಬಿಟ್ಟೆ."

"ಮಾತ್ರೆಗೋಸ್ಕರ ಉಳಿಯೋದಾದ್ರೆ ಬೇಡ. ಇವತ್ತು ಉಳೀತೀಯ, ನಾಳೆ ನಿನ್ನಿಂದ ಕೆಟ್ಟೆ ಅಂತ ನನ್ನ ತಲೆ ಮೇಲೆ ಹಾಕ್ತೀಯ."

"ಹಾಕ್ತೀನೇನೋ. ಒಂದೆರಡು ಸಲ ಹಾಕೇ ಹಾಕ್ತೀನಿ." ಡಾಕ್ಟರಮ್ಮ ಚಾಕು ಕೆಳಗಿಟ್ಟರು. "ಅಪ್ಪ ಒಂಬತ್ತು ದಿನ ಆಸ್ಪತ್ರೇಲಿ ಇದ್ದಿದ್ದು ಒಂದು ಫಾರಂ ತುಂಬಿಸೋವಾಗ ನನಗೆ ಗೊತ್ತಾಗ್ಬೇಕಾ? ಹೋದ್ರೂ ಹೊಟ್ಟೆ ಉರಿಯುತ್ತೆ, ಇದ್ರೂ ಉರಿಯುತ್ತೆ. ಇಲ್ಲೇ ಇದ್ದು ಉರ್ಕೋತೀನಿ ಬಿಡು."

ಮಗಳು ತಟ್ಟೆ ಎಳೆದುಕೊಂಡು, ಅಡ್ಡಾದಿಡ್ಡಿ ಹೋಳುಗಳನ್ನು ಮತ್ತೆ ಒಂದೇ ಅಳತೆಗೆ ಹೆಚ್ಚತೊಡಗಿದಳು.

ಮುಂದಿನ ವಾರದ ರಜೆಯ ದಿನ ಕಾರ್ಯಕರ್ತೆ ಬಂದಾಗ ಮೂವತ್ತು ರಾತ್ರಿ ಕಳೆದಿದ್ದವು. ಅಜ್ಜಿ ಬಾಗಿಲ ಬಳಿ ಬಟ್ಟೆ ಕಟ್ಟಿಕೊಂಡು ಕೂತು, ಇನ್ನೆಷ್ಟು ದಿನ ಈ ಜೈಲು ಎಂದು ಜಗಳ ತೆಗೆದಿದ್ದಳು. ಮೇಷ್ಟ್ರು ಬೆರಳೆಣಿಸಿ ಉತ್ತರ ಹೇಳುತ್ತಿದ್ದರು. ಈಗ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಕಾರ್ಯಕರ್ತೆ ಮಾತ್ರೆಗಳನ್ನು ಕೊಟ್ಟು, ಫಾರಂ ಬಿಡಿಸಿ, ಐದನೇ ಸಾಲಿನ ಪೆನ್ಸಿಲ್ ಬರಹವನ್ನು ನೋಡಿದಳು.

"ಮೇಡಂ, ಕೆಮ್ಮು?"

"ಇಲ್ಲ."

"ಜ್ವರ?"

"ಇಲ್ಲ."

"ರಾತ್ರಿ ಯಾರ ಪಕ್ಕ ಮಲಗ್ತೀರಿ?" ಎಂದವಳೇ ಕೈ ಅಡ್ಡ ಹಿಡಿದಳು. "ನೀವು ಹೇಳಬಾರದು ಮೇಡಂ. ನೀವೇ ಬರೆದಿದ್ದೀರಲ್ಲ, ಈ ಪ್ರಶ್ನೆಗೆ ಮನೆಯವರಲ್ಲಿ ಇನ್ನೊಬ್ಬರು ಉತ್ತರ ಕೊಡಬೇಕು ಅಂತ."

ನಾಲ್ಕು ದೇಶಗಳಲ್ಲಿ ಸಾವಿರಾರು ಮನೆಗಳಲ್ಲಿ ಈ ಉತ್ತರಕ್ಕಾಗಿ ಪೆನ್ನು ಹಿಡಿದು ಕಾದವರು, ಈಗ ಬರಿಗೈಯಲ್ಲಿ ಕಾದರು.

ಮಗಳು ಗುಬ್ಬಿಯ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಗುಬ್ಬಿ ಪಕ್ಕ," ಎಂದಳು. "ಪೆನ್ನಲ್ಲೇ ಬರ್ಕೊಳ್ಳಿ."